ಮೂರು ನಿಮಿಷದ ಸಾಕ್ಷಿ

ಜುಲೈ 7, ಭಾನುವಾರ

ಚರ್ಚಿನ ಸಭೆ ಮುಗಿಸಿ ಬಂದು ಕಾರು ತೊಳೆದೆ. ಎಲ್ ಬೋರ್ಡಿನ ಮೇಲೆ ಮತ್ತೆ ಹಕ್ಕಿಯ ಕೃಪೆ. ಭಾನುವಾರವಾದರೂ ಸುಮ್ಮನೆ ಕೂರಬಾರದೇ ಎಂದು ಅಕ್ಕ ಕಿಟಕಿಯಿಂದಲೇ ಗೊಣಗಿದಳು. ನಾಳೆ ಬೆಳಿಗ್ಗೆ ಡ್ರೈವಿಂಗ್ ಕಲಿಯಲು ಬರುವವರು ಗಲೀಜು ಕಾರಿನಲ್ಲಿ ಕೂರುವುದಿಲ್ಲ ಅಂದೆ.

ಪಾಸ್ಟರ್ ಹೊಸ ಹೋಂವರ್ಕ್ ಕೊಟ್ಟಿದ್ದಾರೆ. ದಿನಕ್ಕೊಂದು ಸಾಲು ಬರೆಯಬೇಕಂತೆ — ಇವತ್ತು ದೇವರ ಕೈಯನ್ನು ಎಲ್ಲಿ ಕಂಡೆ ಅಂತ. ಹೇಗೂ ಇಲ್ಲಿ ಗೀಚುತ್ತಿರುತ್ತೇನೆ, ಅದೂ ಒಂದು ಸೇರಲಿ. ಇವತ್ತು ಕಂಡದ್ದು: ಹಕ್ಕಿ ಗಾಜನ್ನು ಬಿಟ್ಟು ಬೋರ್ಡಿನ ಮೇಲೆ ಕೂತಿತ್ತು. ಒರೆಸುವುದು ಸುಲಭವಾಯಿತು.

ಅಕ್ಕನ ಸಾಕ್ಷಿ ಇವತ್ತೂ ಆಯಿತು. ಬೇರೆ ಸಭೆಯಿಂದ ಜನ ಬಂದಿದ್ದರು, ಪಾಸ್ಟರ್ ಕೇಳಿಕೊಂಡರು, ದೇವರು ಮಾಡಿದ್ದನ್ನು ಎಲ್ಲರ ಮುಂದೆ ಹೇಳಲು ಇವಳು ಎದ್ದಳು. ಎದೆಯಲ್ಲಿ ಗಡ್ಡೆ ಇತ್ತು, ಸಭೆ ಪ್ರಾರ್ಥಿಸಿತು, ಗಡ್ಡೆ ಹೋಯಿತು, ದೇವರಿಗೆ ಸ್ತೋತ್ರ. ಮೂರು ನಿಮಿಷದೊಳಗೆ ಮುಗಿಯಿತು. ಹೊತ್ತು ಮೀರಿದರೆ ಗಂಟೆ ಬಾರಿಸುವ ನಮ್ಮ ಗಂಟೆ ಹಿರಿಯರಿಗೆ ಕೆಲಸವೇ ಬೀಳಲಿಲ್ಲ.

ಹೋದ ವರ್ಷ ಮೊದಲ ಸಲ ಹೇಳಿದಾಗ ಹೀಗಿರಲಿಲ್ಲ. ಡಾಕ್ಟರ್ ಇದ್ದರು, ಆಪರೇಷನ್ ಇತ್ತು, ಕೀಮೋ ಇತ್ತು, ವಾಂತಿ ಬೇಸಿನ್ ಹಿಡಿದು ನಿಂತ ನಾನಿದ್ದೆ. ದೇವರ ಹೆಸರು ಬರುವ ಮುಂಚೆಯೇ ಹಿರಿಯರು ಗಂಟೆ ಬಾರಿಸಿದರು. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಒಬ್ಬೊಬ್ಬರಿಗೆ ಮೂರೇ ನಿಮಿಷ, ಇಲ್ಲದಿದ್ದರೆ ಸಾಕ್ಷಿ ಹೇಳುವವರು ಊಟದ ಹೊತ್ತು ದಾಟಿಸುತ್ತಾರೆ ಎಂದು ಹಿರಿಯರ ನಿಯಮ. ಮುಖ್ಯವಾದದ್ದಷ್ಟು ಹೇಳಿದರೆ ಸಾಕು ಎಂದು ಪಾಸ್ಟರಮ್ಮ ಪ್ರೀತಿಯಿಂದಲೇ ಹೇಳಿಕೊಟ್ಟರು. ಮುಂದಿನ ಸಲ ಸಾಕ್ಷಿಯಿಂದ ಬೇಸಿನ್ ಹೋಯಿತು, ಬೇಸಿನ್ ಜೊತೆ ನಾನೂ ಹೋದೆ. ಆಮೇಲೆ ಕೀಮೋ. ಆಮೇಲೆ ಆಪರೇಷನ್. ಈಗ ಕೇಳಿದರೆ ಸುಳ್ಳು ಒಂದೂ ಇಲ್ಲ. ಕತ್ತರಿ ಮಾತ್ರ ಚೆನ್ನಾಗಿ ಆಡಿದೆ.

ಜುಲೈ 11, ಗುರುವಾರ

ಬೆಳಿಗ್ಗೆ ಕನ್ನಡಿ ಅಂಕಲ್. ರಿಟೈರ್ ಆದ ಮೇಲೆ ಡ್ರೈವಿಂಗ್ ಕಲಿಯುವ ಹುಕಿ. ಕನ್ನಡಿ ನೋಡಿ ಅಂದರೆ ತಲೆಗೂದಲು ಸರಿ ಮಾಡಿಕೊಳ್ಳುತ್ತಾರೆ. ಎಡಕ್ಕೆ ಅಂದರೆ ಬಲಕ್ಕೆ — ಎತ್ತು ಏರಿಗೆ, ಕೋಣ ನೀರಿಗೆ. ನನ್ನ ಬ್ರೇಕ್ ಕಾಲು ಊದಿಕೊಂಡಿದೆ. ಪಾಸ್ಟರ್ ಒಮ್ಮೆ ಪ್ರಸಂಗದಲ್ಲಿ ನನ್ನನ್ನೇ ಉದಾಹರಣೆ ಮಾಡಿದ್ದರು, ದೇವರು ಡ್ರೈವಿಂಗ್ ಟೀಚರ್ ಥರ ಪಕ್ಕದಲ್ಲೇ ಇರುತ್ತಾನೆ ಅಂತ. ನನ್ನ ಕಡೆ ಬ್ರೇಕ್ ಇದೆ, ಸ್ಟೀರಿಂಗ್ ಇಲ್ಲ ಪಾಸ್ಟರ್ ಎಂದು ಬಾಗಿಲಲ್ಲೇ ಹೇಳಿ ಬಂದಿದ್ದೆ.

ಅಕ್ಕನಿಗೆ ಬೆನ್ನು ನೋವು. ಹಾಸಿಗೆ ಹಳೆಯದಾಯಿತು ಅನ್ನುತ್ತಾಳೆ. ಹಾಸಿಗೆ ತಿರುವಿ ಹಾಕಿದೆ.

ಇವತ್ತು ಕಂಡದ್ದು: ಅಂಕಲ್ ಲಾರಿಗೆ ಗುದ್ದಲಿಲ್ಲ.

ಜುಲೈ 19, ಶುಕ್ರವಾರ

ಸಂಜೆ ಬೇಕರಿಯವರ ಸೊಸೆ ಬಂದಿದ್ದಳು. ಸಭೆಗೆ ಸೇರಿ ಇನ್ನೂ ಆರು ತಿಂಗಳಾಗಿರಬಹುದು. ಮೂವತ್ತು ದಾಟಿಲ್ಲ, ಸೊಂಟದ ಮೇಲೆ ಮಗಳು, ಸೆರಗಿಗೆಲ್ಲ ಮೈದಾ ಹಿಟ್ಟು. ಅವಳಿಗೂ ಎದೆಯಲ್ಲಿ ಗಡ್ಡೆ. ಅಕ್ಕ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದಳು. ಈಚೆಗೆ ಹೀಗೆ ಬರುವವರು ಹೆಚ್ಚಾಗಿದ್ದಾರೆ. ನಾನು ಟೀ ಮಾಡುವವಳು.

ಟೀ ತಂದಾಗ ಆ ಹುಡುಗಿ ಹೇಳುತ್ತಿದ್ದಳು — ಒಂದು ಕೀಮೋ ಆಯಿತಂತೆ, ಎರಡನೆಯದಕ್ಕೆ ಹೋಗಲಿಲ್ಲವಂತೆ. ತಟ್ಟೆ ಕೆಳಗಿಟ್ಟೆ. ಡಾಕ್ಟರ ಹತ್ತಿರವೂ ಹೋಗುತ್ತಿರಬೇಕಮ್ಮ ಅಂದೆ. ಅವಳು ನಕ್ಕಳು.

"ಎರಡು ದೋಣಿ ಮೇಲೆ ಕಾಲಿಡಬಾರದು ಅಂತಾರೆ ನಮ್ಮತ್ತೆ. ಆಂಟಿಗೆ ಆದ ಹಾಗೆ ನನಗೂ ಆಗುತ್ತೆ. ನಂಬಿದೀನಿ."

ಅಕ್ಕನ ಮುಖ ನೋಡಿದೆ. ಅಕ್ಕ ಟೀ ನೋಡುತ್ತಿದ್ದಳು.

ಅವಳು ಹೋದ ಮೇಲೆ ಜಗಳ. ಆಪರೇಷನ್ ಆದದ್ದು ಊರಿಗೇ ಗೊತ್ತು ಅಂದಳು ಅಕ್ಕ. ಆಮೇಲೆ ಸೇರಿದವಳಿಗೆ ಗೊತ್ತಿಲ್ಲವಲ್ಲ ಅಂದೆ. ಭಾನುವಾರ ಹೇಳುತ್ತೇನೆ ಅಂದಳು.

ಜುಲೈ 21, ಭಾನುವಾರ

ಹೇಳಲಿಲ್ಲ.

ಬೇಕರಿ ಸೊಸೆ ಮುಂದಿನ ಸಾಲಿನಲ್ಲಿ ಕೂತಿದ್ದಳು, ಅತ್ತೆಯನ್ನೂ ಕರೆತಂದಿದ್ದಳು. ಇಬ್ಬರೂ ಅಕ್ಕನ ಕಡೆಗೇ ನೋಡುತ್ತಿದ್ದರು. ಎರಡನೆಯ ಹಾಡಿಗೆ ಅಕ್ಕ ಎದ್ದು ನಿಲ್ಲಲಿಲ್ಲ. ಹಾಡು ನಡೆಸುವವಳೇ ಕೂತು ಹಾಡಿದ್ದು ಇದೇ ಮೊದಲು.

ಹಾಸಿಗೆಯದಲ್ಲ ಈ ನೋವು. ನನಗೆ ಗೊತ್ತಾಗುತ್ತಿದೆ. ಬರೆಯಲು ಮನಸ್ಸಿಲ್ಲ.

ಆಗಸ್ಟ್ 6, ಮಂಗಳವಾರ

ಕ್ಲಾಸ್ ಮುಗಿಸಿ ಬಂದಾಗ ಅಕ್ಕ ಬಚ್ಚಲಲ್ಲಿ ನೆಲದ ಮೇಲೆ ಕೂತಿದ್ದಳು. ಸೀನಿದಳಂತೆ, ಪಕ್ಕೆಯಲ್ಲಿ ಏನೋ ಮುರಿದಂತಾಯಿತಂತೆ, ಏಳಲು ಆಗಲಿಲ್ಲವಂತೆ. ಎತ್ತಿ ತಂದು ಮಲಗಿಸಿದೆ. ಹಗುರವಾಗಿದ್ದಾಳೆ. ಅಮ್ಮ ಸತ್ತ ವರ್ಷ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅಡುಗೆ ಮಾಡಿದವಳು ಇವಳು.

ಗೊತ್ತಾಗಿ ಎಷ್ಟು ದಿನವಾಯಿತು ಅಂತ ಕೇಳಿದೆ. ಮೇ ತಿಂಗಳಿಂದ ಅಂದಳು. ಸಾಕ್ಷಿ ಹೇಳಲು ಶುರು ಮಾಡಿದ ಮೇಲೆ ಚೆಕಪ್‌ಗೆ ಒಮ್ಮೆಯೂ ಹೋಗಿಲ್ಲ. ನೀನು ಕ್ಲಾಸಿಗೆ ಹೋದಾಗ ಹೋಗಿ ಬಂದೆ, ಎಲ್ಲ ಸರಿ ಇದೆಯಂತೆ ಅನ್ನುತ್ತಿದ್ದಳು. ನಾನೂ ನಂಬಿದ್ದೆ.

"ಬಾಯಿ ಬಿಟ್ರೆ ಬಣ್ಣಗೇಡು, ಪುಟ್ಟಿ. ನನ್ನ ಬಣ್ಣ ಹೋದ್ರೆ ಹೋಗ್ಲಿ. ದೇವರ ಹೆಸರು ಹೋಗುತ್ತಲ್ಲ."

ಬೈಯಬೇಕು ಅಂತ ಬಾಯಿ ತೆರೆದೆ, ಅಳು ಬಂತು. ಐವತ್ತರ ಹೆಂಗಸು ನಾನು, ಅವಳ ಹೊಟ್ಟೆಯ ಮೇಲೆ ತಲೆಯಿಟ್ಟು ಅತ್ತೆ. ಅವಳೇ ಸಮಾಧಾನ ಮಾಡಿದಳು.

ಆಗಸ್ಟ್ 8, ಗುರುವಾರ

ಹಾಡಿನ ಪ್ರಾಕ್ಟೀಸ್‌ಗೆ ಬಿಡುತ್ತೇನೆ ಅಂತ ಕಾರು ಹತ್ತಿಸಿ ಆಸ್ಪತ್ರೆಗೆ ಓಡಿಸಿದೆ. ಎಲ್ಲಿಗೆ ಅಂತ ಗೊತ್ತಾದಾಗ ಬಾಗಿಲ ಹಿಡಿಗೆ ಕೈ ಹಾಕಿದಳು. ಲಾಕ್ ನನ್ನ ಕಡೆ. ಹಿಂದಿನ ಗಾಡಿಯವನು ಎಲ್ ಬೋರ್ಡ್ ನೋಡಿ ಹಾರ್ನ್ ಮಾಡಿದ, ಅವನಿಗೆ ಬೈದು ಸ್ವಲ್ಪ ಹಗುರಾದೆ.

ಅದೇ ಡಾಕ್ಟರ್. ಅಕ್ಕನನ್ನು ಗುರುತು ಹಿಡಿದರು, ಹೆಸರು ಹಿಡಿದೇ ಕರೆದರು. ಯಾಕಮ್ಮ ಬರಲೇ ಇಲ್ಲ ಅಂತ ಕೇಳಿದರು. ಊರಲ್ಲಿರಲಿಲ್ಲ ಅಂದಳು. ನನ್ನನ್ನು ಬಿಟ್ಟು ಬೇರೆಯವರಿಗೆ ಇವಳು ಹೇಳಿದ ನೇರವಾದ ಸುಳ್ಳು ಇದೊಂದೇ ಇರಬೇಕು, ಕಿವಿ ಕೆಂಪಾಯಿತು. ಸ್ಕ್ಯಾನ್ ಆಯಿತು. ಮುಂದಿನ ವಾರ ರಿಪೋರ್ಟ್.

ಆಗಸ್ಟ್ 14, ಬುಧವಾರ

ಬೆನ್ನುಮೂಳೆ. ಪಕ್ಕೆಲುಬು. ಲಿವರ್.

ಡಾಕ್ಟರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತು ಹೇಳಿದರು. ಹೋಗಲಾಡಿಸುವ ಮಾತು ಈಗ ಬೇಡಮ್ಮ, ನೋವು ಕಡಿಮೆ ಮಾಡುವ ಮಾತಾಡೋಣ ಅಂದರು. ಬೇಗ ಬಂದಿದ್ದರೆ, ಅಂತ ನಾನು ಕೇಳಿದೆ. ಅವರು ಔಷಧಿ ಬರೆಯತೊಡಗಿದರು.

ಅಕ್ಕ ಹೊರಗೆ ಬಂದು ಬೆಂಚಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು, ಸ್ತೋತ್ರ ಅಂದಳು. ಯಾವುದಕ್ಕೆ ಅಂತ ಕೇಳಿದೆ, ಸಿಟ್ಟಿನಿಂದಲೇ. ಅಭ್ಯಾಸ ಕಣೆ ಅಂದಳು.

ದೇವರ ಮೇಲೆ ನನಗೆ ಕೆಟ್ಟ ಕೋಪ ಬಂದಿದೆ. ಮೇ ತಿಂಗಳಿಂದ ಅವನ ಹೆಸರು ಕಾಪಾಡಲು ಇವಳು ನೋವು ನುಂಗಿದಳು. ಅವನು ಇವಳನ್ನು ಕಾಪಾಡಬಾರದಿತ್ತೇ? ಇವತ್ತು ಅವನ ಕೈ ಕಾಣಲಿಲ್ಲ. ಹುಡುಕಲೂ ಇಲ್ಲ.

ಆಗಸ್ಟ್ 17, ಶನಿವಾರ

ಬೇಕರಿಗೆ ಹೋದೆ. ಹೇಳಿಬಿಡಬೇಕು ಅಂತಲೇ ಹೋದದ್ದು. ಸೊಸೆ ಕೌಂಟರಿನಲ್ಲಿ ಒಬ್ಬಳೇ ಇದ್ದಳು. ಎಡಗೈ ಎತ್ತಲು ಆಗುತ್ತಿರಲಿಲ್ಲ, ಮೇಲಿನ ಹಲಗೆಯ ಬ್ರೆಡ್ಡನ್ನು ಬಲಗೈಯಲ್ಲೇ ತಡವಿ ತೆಗೆದಳು. ಪೊಟ್ಟಣಕ್ಕೆ ಹಾಕುತ್ತಾ ಕೇಳಿದಳು, "ಆಂಟಿ ಚೆನ್ನಾಗಿದಾರಲ್ವಾ?"

ಚೆನ್ನಾಗಿದ್ದಾಳೆ ಅಂದೆ.

ಬ್ರೆಡ್ ತೆಗೆದುಕೊಂಡು ಬಂದೆ. ರಸ್ತೆಯಲ್ಲಿ ಯಾರ ಮೇಲಾದರೂ ಕಿರುಚಬಲ್ಲೆ, ಅಲ್ಲಿ ನಾಲಿಗೆ ಏಳಲಿಲ್ಲ. ಅಕ್ಕನ ಗುಟ್ಟು, ಅಕ್ಕನೇ ಹೇಳಬೇಕು ಅಂತ ನೆಪ. ನೆಪ ಅಂತ ನನಗೇ ಗೊತ್ತು. ಬ್ರೆಡ್ ಹಾಗೇ ಇದೆ, ತಿನ್ನಲು ಆಗಲಿಲ್ಲ.

ಆಗಸ್ಟ್ 20, ಮಂಗಳವಾರ

ಅಕ್ಕನಿಗೆ ಹೇಳದೆ ಪಾಸ್ಟರ ಮನೆಗೆ ಹೋದೆ. ಎಲ್ಲ ಹೇಳಿದೆ. ಒಳ್ಳೆಯ ಮನುಷ್ಯ, ಕಣ್ಣಲ್ಲಿ ನೀರು ಹಾಕಿಕೊಂಡರು. ಉಪವಾಸ ಪ್ರಾರ್ಥನೆ ಇಡೋಣ, ಸ್ವಲ್ಪ ಕಾಯೋಣ, ಈಗಲೇ ಹೇಳಿದರೆ ಎಷ್ಟು ಜನರ ನಂಬಿಕೆ ಅಲುಗಾಡುತ್ತದೋ ಅಂದರು.

"ಅಲುಗಾಡಲಿ ಪಾಸ್ಟರ್. ಆ ಹುಡುಗಿ ಕೀಮೋ ಬಿಟ್ಟಿದಾಳೆ. ನಾವು ಕಾಯ್ತಾ ಕೂತ್ರೆ ಅವಳು ಸಾಯ್ತಾಳೆ."

ಅವರಿಗೆ ಅದು ಗೊತ್ತೇ ಇರಲಿಲ್ಲ. ತಲೆ ಹಿಡಿದುಕೊಂಡು ಕೂತರು. ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡು ನನ್ನ ಮುಂದೆಯೇ ಬೇಕರಿಯ ಕಡೆ ನಡೆದರು.

ಆಗಸ್ಟ್ 22, ಗುರುವಾರ

ಪಾಸ್ಟರ್ ಫೋನ್ ಮಾಡಿದ್ದರು. ಅಕ್ಕನಿಗೆ ಆಪರೇಷನ್ ಆಗಿತ್ತು, ಈಗ ಕಾಯಿಲೆ ಮರಳಿದೆ, ಆಸ್ಪತ್ರೆಗೆ ಹೋಗು ಅಂತ ಎರಡು ದಿನ ಹೋಗಿ ಹೇಳಿದರಂತೆ. ಇದು ನಂಬಿಕೆಯ ಪರೀಕ್ಷೆ, ಪಾಸ್ಟರೇ ಸೋತುಬಿಟ್ಟರೆ ಹೇಗೆ ಅಂತ ಬೇಕರಿಯ ಅತ್ತೆ ಕೇಳಿದರಂತೆ. ಸೊಸೆ ಒಂದೇ ಮಾತು ಆಡಿದಳಂತೆ — ಆಂಟಿ ಎಲ್ಲರ ಮುಂದೆ ಎದ್ದು ಹೇಳಿದ್ದಾರೆ, ಇದನ್ನೂ ಅವರೇ ಎದ್ದು ಹೇಳಲಿ.

ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ನನ್ನ ಮೇಲೆ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ, ಆಗಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದಳು. ಭುಜ ಅಲುಗುತ್ತಿತ್ತು.

ಆಗಸ್ಟ್ 24, ಶನಿವಾರ

ಮಧ್ಯಾಹ್ನ ಮಾತ್ರೆ ಹಿಡಿದು ಸ್ವಲ್ಪ ನೋವು ಇಳಿದ ಮೇಲೆ ಕರೆದಳು. ಆಸ್ಪತ್ರೆಯಲ್ಲಿ ಏನೇನಾಯಿತು, ಮೊದಲಿಂದ ಹೇಳು ಅಂದಳು. ನಿನಗೆ ಆದದ್ದು ನನ್ನನ್ನು ಕೇಳುತ್ತೀಯಾ ಅಂದೆ. ಹೇಳಿ ಹೇಳಿ ಚಿಕ್ಕದಾದದ್ದೇ ಈಗ ನೆನಪಿರುವುದು, ಉಳಿದದ್ದು ಮಸುಕಾಗಿದೆ ಅಂದಳು.

ಹೇಳಿದೆ. ಆಪರೇಷನ್ ದಿನ ಲಿಫ್ಟ್ ಕೆಟ್ಟು ನಾಲ್ಕು ಜನ ಸ್ಟ್ರೆಚರ್ ಹೊತ್ತು ಮೆಟ್ಟಿಲು ಹತ್ತಿಸಿದ್ದು. ನರ ಸಿಗದೆ ಒದ್ದಾಡಿದ ಆ ನರ್ಸ್, ಸೂಜಿ ಚುಚ್ಚುವಾಗಲೆಲ್ಲ ಇವಳ ಕೈಗೆ ಸಾರಿ ಹೇಳುತ್ತಿದ್ದದ್ದು. ನೆಲ ಒರೆಸುವ ಹೆಂಗಸು ಚಳಿ ಅಂದದ್ದಕ್ಕೆ ತನ್ನ ಶಾಲನ್ನೇ ಹೊದಿಸಿ, ಸಂಜೆ ಶಾಲಿಲ್ಲದೆ ಮನೆಗೆ ಹೋದದ್ದು. ಕೂದಲು ಉದುರಿದಾಗ ನಾನು ಪೊರಕೆ ಹಿಡಿದು, ಬೆಕ್ಕು ಸಾಕಿದ್ದರೂ ಇಷ್ಟು ಕೂದಲಿರುತ್ತಿರಲಿಲ್ಲ ಅಂದದ್ದು. ಅದಕ್ಕೆ ನಕ್ಕಳು, ಪಕ್ಕೆ ಹಿಡಿದುಕೊಂಡು.

ಆಮೇಲೆ ಹೇಳಿದಳು, "ದೇವರೇ ಸಹಾಯ ಮಾಡಪ್ಪಾ ಅಂತ ಕೇಳ್ದೆ. ಇವರನ್ನೆಲ್ಲ ಕಳಿಸ್ದ. ನಾನು ಬಂದವರನ್ನ ಬಾಗಿಲ ಹೊರಗೇ ನಿಲ್ಲಿಸಿ, ಅವನೊಬ್ಬನೇ ಬಂದಿದ್ದ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ."

ಆಗಸ್ಟ್ 25, ಭಾನುವಾರ

ಅಕ್ಕನಿಗೆ ನಿಲ್ಲಲು ಆಗಲಿಲ್ಲ. ಕುರ್ಚಿ ಹಾಕಿದರು. ಮೊದಲಿಂದ ಹೇಳಿದಳು — ಸ್ಟ್ರೆಚರ್, ನರ್ಸ್, ಶಾಲು, ಡಾಕ್ಟರು, ಬೇಸಿನ್. ಮೂರು ನಿಮಿಷಕ್ಕೆ ಹಿರಿಯರು ಗಂಟೆ ಬಾರಿಸಿದರು. ಅಕ್ಕ ನಿಲ್ಲಿಸಲಿಲ್ಲ. ಏನು ಹೇಳುತ್ತಾಳೆ ಅಂತ ಅವರಿಗೆ ಗೊತ್ತಿಲ್ಲ, ಪಾಪ, ಇನ್ನೊಮ್ಮೆ ಬಾರಿಸಿದರು.

"ಅಣ್ಣಾ, ಅದನ್ನ ಆ ಕಡೆ ಇಡಿ. ಕತ್ತರಿಸಿ ಕತ್ತರಿಸಿನೇ ಇಲ್ಲಿಗೆ ಬಂದು ನಿಂತಿದೀನಿ."

ಕಾಯಿಲೆ ಮರಳಿ ಬಂದಿದೆ, ಮೇ ತಿಂಗಳಿಂದ ಗೊತ್ತಿತ್ತು, ಮುಚ್ಚಿಟ್ಟೆ ಅಂದಳು. ಆಮೇಲೆ ಬೇಕರಿ ಸೊಸೆಯ ಕಡೆ ತಿರುಗಿದಳು.

"ನನ್ನ ಗಡ್ಡೆ ತಾನಾಗಿ ಹೋಗ್ಲಿಲ್ಲ ಮಗಳೇ. ಕೊಯ್ದು ತೆಗೆದ್ರು. ನಾನು ಅದನ್ನ ನಿನಗೆ ಹೇಳಿರಲಿಲ್ಲ. ನಾಳೆ ಆಸ್ಪತ್ರೆಗೆ ಹೋಗು. ನಿನ್ನ ಕಾಲು ಹಿಡ್ಕೋತೀನಿ."

ಆಮೆನ್ ಇಲ್ಲ, ಸ್ತೋತ್ರ ಇಲ್ಲ. ಹಿಂದೆ ಯಾರೋ ಎದ್ದು ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದ ಸಾಕ್ಷಿಯನ್ನು ಯಾರಾದರೂ ತಿದ್ದಿದ್ದನ್ನು ಈ ಸಭೆ ಕಂಡಿರಲಿಲ್ಲ. ಬೇಕರಿ ಸೊಸೆ ಎದ್ದಳು. ಮಗಳನ್ನು ಎತ್ತಿಕೊಂಡು, ನಮ್ಮ ಕಡೆ ನೋಡದೆ ಹೊರಗೆ ನಡೆದಳು. ಅತ್ತೆ ಕೂಗುತ್ತಾ ಹಿಂದೆ ಹೋದರು.

ಆರಾಧನೆ ಮುಗಿದ ಮೇಲೂ ನಮ್ಮ ಹತ್ತಿರ ಯಾರೂ ಬರಲಿಲ್ಲ. ಕೊನೆಗೆ ಗಂಟೆ ಹಿರಿಯರು ಬಂದರು. ಕುರ್ಚಿಯ ಒಂದು ಕಡೆ ಹಿಡಿದರು, ಪಾಸ್ಟರ್ ಇನ್ನೊಂದು ಕಡೆ. ಅಕ್ಕನನ್ನು ಕುರ್ಚಿ ಸಮೇತ ಕಾರಿನವರೆಗೆ ಹೊತ್ತರು. ಹಿರಿಯರಿಗೆ ಎಪ್ಪತ್ತರ ಮೇಲಾಗಿದೆ, ಏದುಸಿರು ಬಿಡುತ್ತಿದ್ದರು.

ಆಗಸ್ಟ್ 26, ಸೋಮವಾರ

ಕ್ಲಾಸೆಲ್ಲ ಕ್ಯಾನ್ಸಲ್ ಮಾಡಿ ಬೆಳಿಗ್ಗೆಯೇ ಬೇಕರಿಯ ಎದುರು ಕಾರು ನಿಲ್ಲಿಸಿದೆ. ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಬಂದಳು, ಕೈಯಲ್ಲಿ ಹಳೆಯ ರಿಪೋರ್ಟುಗಳ ಚೀಲ. ಹಿಂದಿನ ಸೀಟಿನಲ್ಲಿ ಕೂತಳು.

ಗಡ್ಡೆ ಬೆಳೆದಿದೆ. ಕಂಕುಳಿಗೂ ಬಂದಿದೆ. ಈಗ ಆಪರೇಷನ್ ಆಗುವುದಿಲ್ಲ, ಕೀಮೋ ಕೊಟ್ಟು ಕುಗ್ಗುತ್ತದೋ ನೋಡಬೇಕು ಅಂದರು ಡಾಕ್ಟರ್. ಕುಗ್ಗದಿದ್ದರೆ ಅಂತ ಅವಳು ಕೇಳಲಿಲ್ಲ. ಹೊರಗೆ ಬಂದು ನನ್ನನ್ನು ಬೇರೆಯದೇ ಕೇಳಿದಳು.

"ಅವತ್ತು ಬ್ರೆಡ್ ತಗೊಂಡು ಹೋದ್ರಲ್ಲ. ಅವತ್ತು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಬಸ್ಸಿನಲ್ಲಿ ಮನೆಗೆ ಹೋದಳು. ಬಸ್ ಬರುವವರೆಗೆ ನಾನು ಕಾರಿನಲ್ಲೇ ಕೂತಿದ್ದೆ, ಅವಳು ಸ್ಟಾಪಿನಲ್ಲಿ ನಿಂತಿದ್ದಳು, ಮಧ್ಯೆ ರಸ್ತೆ. ಆ ಹುಡುಗಿಗೆ ಕೀಮೋ ಶುರುವಾಗುತ್ತದೆ ಅಂತ ಮಾತ್ರ ಅಕ್ಕನಿಗೆ ಹೇಳಿದೆ. ನಾನೂ ಕತ್ತರಿ ಆಡಿಸಿದೆ.

ಸೆಪ್ಟೆಂಬರ್ 18, ಬುಧವಾರ

ಬಹಳ ದಿನ ಬರೆದಿಲ್ಲ. ಅಕ್ಕ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಪ್ರಾರ್ಥನೆ ಮಾಡಿಸಿಕೊಳ್ಳಲು ಸಾಲುಗಟ್ಟಿ ಬರುತ್ತಿದ್ದವರು ಈಗ ಬೀದಿ ಬದಲಿಸಿ ನಡೆಯುತ್ತಾರೆ. ನಂಬಿಕೆ ಕಮ್ಮಿಯಾಯಿತು, ಅದಕ್ಕೇ ಮರಳಿ ಬಂತು ಅಂತ ಅಂಗಡಿಯಲ್ಲಿ ಒಬ್ಬಳು ನನ್ನ ಬೆನ್ನ ಹಿಂದೆ ಅಂದಳು. ತಿರುಗಿ ನಿಂತು, ನಿಮ್ಮ ಸಕ್ಕರೆ ಕಾಯಿಲೆಗೂ ಅದೇ ಕಾರಣವೇ ಅಂತ ಕೇಳಿದೆ. ಮನೆಗೆ ಬಂದು ಅಕ್ಕನಿಗೆ ಹೇಳಿದರೆ ಬೈದಳು. ಆಮೇಲೆ, ಅವಳ ಮುಖ ಹೇಗಾಯಿತು ಅಂತ ಕೇಳಿದಳು.

ಪ್ರತಿ ಬುಧವಾರ ಗಂಟೆ ಹಿರಿಯರು ಬರುತ್ತಾರೆ. ಕಟ್ಟಿದ ಮೋರಿ ಬಿಡಿಸಿಕೊಟ್ಟರು, ಕಿಟಕಿಯ ಕೊಂಡಿ ಸರಿ ಮಾಡಿದರು. ಅಕ್ಕನ ಪಕ್ಕ ಕೂತರೆ ಮಧ್ಯಾಹ್ನವೆಲ್ಲ ಕೂರುತ್ತಾರೆ.

ಮಗ್ಗುಲು ಬದಲಿಸುವುದೇ ಕಷ್ಟ. ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ಬದಲಿಸಿದರೆ ಕಿರುಚುತ್ತಾಳೆ. ಒಬ್ಬಳೇ ಎಳೆದರೆ ಶೀಟು ಜಾರುತ್ತದೆ. ಇವತ್ತು ಜಾರಿತು. ಹೆಂಗಸರ ಕೈ ಬೇಕು ಅಂತ ಪಾಸ್ಟರಮ್ಮ ಕೇಳಿ ನೋಡಿದರಂತೆ. ಯಾರಿಗೂ ಬಿಡುವಿಲ್ಲವಂತೆ.

ಸಂಜೆ ಅಕ್ಕ ಕೇಳಿದಳು, ಪಾಸ್ಟರ ಹೋಂವರ್ಕ್ ಬರೆಯುತ್ತಿದ್ದೀಯಾ ಅಂತ. ಬಿಟ್ಟೆ, ಬರೆಯುವಂಥದ್ದು ಏನೂ ಕಾಣುತ್ತಿಲ್ಲ ಅಂದೆ.

"ಬೆಳಿಗ್ಗೆಯಿಂದ ನನ್ನ ಮೇಲೆ ಎಷ್ಟು ಸಲ ರೇಗಿದೀಯ. ರೇಗೋಕೆ ಒಬ್ಬಳು ಪಕ್ಕದಲ್ಲಿದಾಳೆ. ಅದನ್ನ ಬರಿ."

ಬರೆದಿದ್ದೇನೆ, ನೋಡು.

ಸೆಪ್ಟೆಂಬರ್ 30, ಸೋಮವಾರ

ಮಾತು ನಿಂತಿದೆ. ಹೆಸರು ಹಿಡಿದು ಕರೆದರೆ ಕಣ್ಣು ತೆರೆಯುತ್ತಾಳೆ. ತುಟಿ ಒದ್ದೆ ಮಾಡಿದರೆ ಹೀರುತ್ತಾಳೆ. ಬೆನ್ನಿನ ಹುಣ್ಣು ಬಾಯಿ ಬಿಟ್ಟಿದೆ. ನನ್ನಿಂದಲೇ ಆದದ್ದು, ಒಬ್ಬಳೇ ಸರಿಯಾಗಿ ತಿರುಗಿಸಲು ಆಗಲಿಲ್ಲ. ದೇವರೇ, ಇರುವುದಾದರೆ ಇಲ್ಲಿರು. ಬೇರೆ ಯಾವುದೂ ಬೇಡ.

ಅಕ್ಟೋಬರ್ 3, ಗುರುವಾರ, ಬೆಳಿಗ್ಗೆ ಹತ್ತು

ನೀರು ಕಾಯಲು ಇಟ್ಟಿದ್ದೇನೆ. ಸುಮ್ಮನೆ ನಿಲ್ಲಲು ಆಗುತ್ತಿಲ್ಲ, ಬರೆಯುತ್ತಿದ್ದೇನೆ.

ಬಾಗಿಲು ತಟ್ಟಿದ್ದು ಕೇಳಿ, ನಿನ್ನೆ ಬರದ ಹಿರಿಯರು ಇವತ್ತು ಬಂದರು ಅಂದುಕೊಂಡೆ. ಬೇಕರಿ ಸೊಸೆ. ತಲೆಗೆ ಸ್ಕಾರ್ಫ್, ಹುಬ್ಬೂ ಉದುರಿದೆ, ಮುಖ ಬೂದಿ ಬಣ್ಣ. ಕುಗ್ಗಿತಾ ಅಂತ ಕೇಳಿದೆ. ಇನ್ನೂ ಗೊತ್ತಾಗಿಲ್ಲವಂತೆ. ಒಳಗೆ ಬಾ ಅನ್ನುವ ಧೈರ್ಯ ನನಗಿರಲಿಲ್ಲ, ಅವಳೇ ಬಂದಳು. ಅಕ್ಕನ ಮಂಚದ ಪಕ್ಕ ನಿಂತಳು. ಅಕ್ಕ ಕಣ್ಣು ತೆರೆದಳು. ಗುರುತು ಸಿಕ್ಕಿತು, ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು.

"ನಿಮ್ಮ ಮೇಲೆ ನನಗೆ ಸಿಟ್ಟಿದೆ ಆಂಟಿ. ಇನ್ನೂ ಹೋಗಿಲ್ಲ. ಹೋಗುತ್ತೋ ಇಲ್ವೋ ಗೊತ್ತಿಲ್ಲ." ಸ್ವಲ್ಪ ಸುಧಾರಿಸಿಕೊಂಡಳು. "ತಿರುಗಿಸೋಕೆ ಜನ ಇಲ್ಲ ಅಂತ ಪಾಸ್ಟರಮ್ಮ ಹೇಳಿದ್ರು. ಅದಕ್ಕೆ ಬಂದೆ."

ನಿನಗೇ ಮೈ ಸರಿಯಿಲ್ಲವಲ್ಲ ಅಂದೆ. ಬಲಗೈ ಇದೆಯಲ್ಲ ಅಂದಳು. ಸ್ಕಾರ್ಫ್ ಬಿಗಿ ಮಾಡಿಕೊಂಡು ತೋಳು ಮಡಚಿದಳು. ಯಾವ ಕಡೆ ಹುಣ್ಣು ಅಂತ ಕೇಳಿದಳು, ಅಷ್ಟೇ. ನಾನು ಅಡುಗೆಮನೆಗೆ ಓಡಿ ಬಂದೆ, ಅವಳ ಮುಂದೆ ಅಳಬಾರದು ಅಂತ.

ಗೋಡೆಯಾಚೆ ಅಕ್ಕನಿಗೆ ಏನೋ ಹೇಳುತ್ತಿದ್ದಾಳೆ, ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ. ಸ್ವಲ್ಪ ನೋಯುತ್ತೆ, ಬೇಗ ಮುಗಿಸ್ತೀವಿ ಅಂತ. ಮುಗಿಸ್ತೀವಿ ಅಂದಳು. ಈಗ ನನ್ನನ್ನು ಕರೆಯುತ್ತಿದ್ದಾಳೆ — ಒಬ್ಬಳಿಂದ ಆಗಲ್ಲ, ಶೀಟಿನ ಆ ತುದಿ ನೀವು ಹಿಡೀರಿ ಬನ್ನಿ ಅಂತ. ನೀರು ಕುದಿಯುತ್ತಿದೆ. ಇವತ್ತು ಕಂಡದ್ದು: